ಗಾಡಿ ಬದಲಾಯಿತು, ಡೀಸೆಲ್ ಅಭ್ಯಾಸ ಬದಲಾಗಲಿಲ್ಲ

ಇವತ್ತು ಮಧ್ಯಾಹ್ನ ಗ್ಯಾರೇಜಿನಲ್ಲಿ ಕಂಡದ್ದಕ್ಕೆ ಇನ್ನೂ ಹೊಟ್ಟೆ ಉರಿಯುತ್ತಿದೆ. ಟೋಯಿಂಗ್ ಗಾಡಿಯ ಮೇಲಿಂದ ಒಂದು ಬಿಎಂಡಬ್ಲ್ಯೂ 325ಐ ಇಳಿಸುತ್ತಿದ್ದರು. ಇ90, ಅಂದರೆ ಹಳೇ 3 ಸೀರೀಸ್. ಮೂರು ತಿಂಗಳ ಹಿಂದೆ ಡೀಸೆಲ್ ಎಸ್‌ಯುವಿ ಮಾರಿ ತಗೊಂಡದ್ದಂತೆ. ಮೀಟರಿನಲ್ಲಿ ಮೊದಲು ಹಳದಿ ದೀಪ ಬಂತು, ಆಮೇಲೆ ಕೆಂಪು. "ಮನೆಗೆ ಇನ್ನೆಂಟು ಕಿಲೋಮೀಟರ್ ತಾನೆ" ಅಂತ ಓಡಿಸಿಕೊಂಡೇ ಹೋಗಿದ್ದಾರೆ. ಆ ಎಂಟು ಕಿಲೋಮೀಟರಿನಲ್ಲಿ ಇಂಜಿನ್ ಮುಗಿಯಿತು.

ನನ್ನನ್ನು ಬಲ್ಲವರಿಗೆ ಗೊತ್ತು, ಸಿಕ್ಸ್ ಸಿಲಿಂಡರ್ ಪೆಟ್ರೋಲ್ ಪರವಾಗಿ ಎಲ್ಲಿ ಬೇಕಾದರೂ ವಾದಕ್ಕೆ ನಿಲ್ಲುವವನು ನಾನು. ಡೀಸೆಲ್ ಬಿಟ್ಟು ಬರುವವರನ್ನು ಕಂಡರೆ ಸಂತೋಷವೇ. ಆದರೆ ಬರುವಾಗ ಡೀಸೆಲ್ ಗಾಡಿಯ ಅಭ್ಯಾಸಗಳನ್ನೂ ಜೊತೆಗೇ ಹೊತ್ತು ತರುತ್ತಾರಲ್ಲ, ಅಲ್ಲಿದೆ ನನ್ನ ತಕರಾರು. ಒಂದು ಹನಿ ಆಯಿಲ್ ಸೋರಿದರೆ "ಹಳೇ ಗಾಡಿ ಅಲ್ವಾ, ಬೆವರುತ್ತೆ ಬಿಡಿ". ಕೂಲೆಂಟ್ ಇಳಿದರೆ ನಲ್ಲಿ ನೀರು. ಆಯಿಲ್ ಬದಲಾವಣೆ 15,000 ಕಿಲೋಮೀಟರಿಗೆ. ಹಳೇ ಗಟ್ಟಿ ಡೀಸೆಲ್ ಎಸ್‌ಯುವಿ ಇದನ್ನೆಲ್ಲ ಹೇಗೋ ತಡೆದುಕೊಂಡಿರಬಹುದು. ಈ ಇಂಜಿನ್ ತಡೆಯಲ್ಲ.

ಡೀಸೆಲ್ ಬಿಡುವುದಕ್ಕೆ ನ್ಯಾಯವಾದ ಕಾರಣ ಇದೆ. 2020ರ ಏಪ್ರಿಲ್ 1ರಿಂದ ಬಿಎಸ್6 ಅನ್ನುವ ಹೊಗೆ ನಿಯಮ ಬಂತು, ಅದರ ಜೊತೆ ಡಿಪಿಎಫ್ ಬಂತು. ಸೈಲೆನ್ಸರ್ ದಾರಿಯಲ್ಲಿ ಕೂತು ಮಸಿ ಹಿಡಿಯುವ ಫಿಲ್ಟರ್ ಅದು. ಹಿಡಿದ ಮಸಿಯನ್ನು ಆಗಾಗ ಸುಡಬೇಕು, ಸುಡಲು 600 ಡಿಗ್ರಿ ಹತ್ತಿರದ ಬಿಸಿ ಬೇಕು, ಆ ಬಿಸಿ ಹುಟ್ಟಿ ನಿಲ್ಲಲು ಹೈವೇಯಲ್ಲಿ ಹದಿನೈದು ಇಪ್ಪತ್ತು ನಿಮಿಷದ ಓಟ ಬೇಕು. ಸಿಲ್ಕ್ ಬೋರ್ಡಿನಲ್ಲಿ ತೆವಳುವ ಗಾಡಿಗೆ ಆ ಭಾಗ್ಯ ಎಲ್ಲಿ? ಸುಡುವ ಕೆಲಸ ಅರ್ಧಕ್ಕೆ ನಿಂತು ನಿಂತು, ಅದಕ್ಕೆಂದು ಹೆಚ್ಚಿಗೆ ಚಿಮ್ಮಿಸಿದ ಡೀಸೆಲ್ ಇಂಜಿನ್ ತಳದ ಆಯಿಲ್ ತೊಟ್ಟಿಗೆ, ಅಂದರೆ ಸಂಪ್‌ಗೆ, ಇಳಿದು ಆಯಿಲನ್ನು ತೆಳು ಮಾಡುತ್ತೆ. ದಿನಕ್ಕೆ ಹನ್ನೆರಡು ಕಿಲೋಮೀಟರ್ ಆಫೀಸು ಮನೆ ಓಡಾಡುವವರಿಗೆ ಡೀಸೆಲ್ ತಪ್ಪು ಗಾಡಿ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಬದಲಿಗೆ ಸಿಗುವುದು ಏನು ಅಂತ ಒಮ್ಮೆ ಕೂತು ಓಡಿಸಿ ನೋಡಬೇಕು. ಸಾಲಾಗಿ ನಿಂತ ಆರು ಸಿಲಿಂಡರಿನಲ್ಲಿ ಒಂದು ಪಿಸ್ಟನ್ನಿನ ಎಳೆತವನ್ನು ಇನ್ನೊಂದು ಕಳೆದುಬಿಡುತ್ತೆ. ನಾಲ್ಕು ಸಿಲಿಂಡರಿನ ಇಂಜಿನ್ ಸ್ಟೇರಿಂಗಿಗೆ, ಸೀಟಿಗೆ ಕಳಿಸುವ ನಡುಕ ಇಲ್ಲಿ ಹುಟ್ಟುವುದೇ ಇಲ್ಲ, ಹಾಗಾಗಿ ಬ್ಯಾಲೆನ್ಸ್ ಶಾಫ್ಟೂ ಬೇಡ. ಕ್ರ್ಯಾಂಕ್ ಪ್ರತಿ 120 ಡಿಗ್ರಿ ತಿರುಗಿದಾಗ ಒಂದು ಸಿಲಿಂಡರ್ ಉರಿಯುತ್ತೆ. ಸಿಗ್ನಲ್ಲಿನಲ್ಲಿ ನಿಂತಾಗ ಇಂಜಿನ್ ಆಫ್ ಆಯಿತೇನೋ ಅಂತ ಮೀಟರ್ ನೋಡಬೇಕಾಗುತ್ತೆ. 4,000 ಆರ್‌ಪಿಎಂ ದಾಟಿದ ಮೇಲಿನ ಆ ದನಿಗೆ ನಾನು ಸೋತವನು, ಮುಚ್ಚಿಡುವುದೇನಿದೆ.

325ಐ, 330ಐ, ಇ60 5 ಸೀರೀಸಿನ 530ಐ, ಇವುಗಳಲ್ಲಿ ಹೆಚ್ಚಿನವುಗಳಲ್ಲಿ ಇರುವುದು ಎನ್52 ಅನ್ನುವ ಸಿಕ್ಸ್ ಸಿಲಿಂಡರ್ ಇಂಜಿನ್. ಟರ್ಬೊ ಇಲ್ಲ. ಪೆಟ್ರೋಲನ್ನು ಇನ್‌ಟೇಕ್ ದಾರಿಗೇ ಚಿಮ್ಮಿಸುವುದರಿಂದ ಹೈ ಪ್ರೆಷರ್ ಪಂಪಿನ ತಲೆನೋವಿಲ್ಲ, ವಾಲ್ವಿನ ಮೇಲೆ ಕರಿ ಕಟ್ಟುವುದೂ ಕಡಿಮೆ. ಸೆಕೆಂಡ್ ಹ್ಯಾಂಡಿಗೆ ಇದನ್ನೇ ನೋಡಿ ಅಂತ ನಾನು ಹೇಳುವುದು ಅದಕ್ಕೇ. ಆದರೆ ಇದರ ಬ್ಲಾಕ್ ಬೇರೆ ಜಾತಿ. ಸಿಲಿಂಡರ್ ಮತ್ತು ನೀರಿನ ದಾರಿ ಅಲ್ಯೂಮಿನಿಯಂ, ಅದರ ಸುತ್ತ ಎರಕ ಹೊಯ್ದಿರುವುದು ಮೆಗ್ನೀಷಿಯಂ. ಸ್ಟೀಲ್ ಬೋಲ್ಟ್ ತಾಗಿದರೆ ಮೆಗ್ನೀಷಿಯಂ ಸವೆಯುತ್ತೆ, ಆದ್ದರಿಂದ ಬೋಲ್ಟುಗಳೂ ಅಲ್ಯೂಮಿನಿಯಂ. ಅವನ್ನು ಒಂದೇ ಸಲ ಬಳಸಬೇಕು. ಬಿಚ್ಚಿದರೆ ಎಸೆದು ಹೊಸದು ಹಾಕಿ, ಟಾರ್ಕ್ ರೆಂಚಿನಲ್ಲಿ ಬಿಗಿದು, ಆಮೇಲೆ ಕಂಪನಿ ಹೇಳಿದಷ್ಟು ಡಿಗ್ರಿ ತಿರುಗಿಸಬೇಕು. "ಗಟ್ಟಿ ಇದೆ ಸಾರ್, ಅದನ್ನೇ ಹಾಕ್ತೀನಿ" ಅನ್ನುವ ಮೆಕ್ಯಾನಿಕ್ ಹತ್ತಿರ ಈ ಗಾಡಿ ಬಿಡಬೇಡಿ. ಬೋಲ್ಟ್ ಬ್ಲಾಕಿನೊಳಗೆ ಮುರಿದು ಕೂರುತ್ತೆ.

ಈಗ ಇವತ್ತು ಸತ್ತ ಇಂಜಿನ್ನಿನ ವಿಷಯ. ಇದರ ವಾಟರ್ ಪಂಪನ್ನು ಬೆಲ್ಟ್ ತಿರುಗಿಸುವುದಿಲ್ಲ, ಕರೆಂಟಿನ ಮೋಟರ್ ತಿರುಗಿಸುತ್ತೆ. ಹಳೇ ಪಂಪಾದರೆ ಮೊದಲು ಸೋರುತ್ತೆ, ಕಿರುಗುಟ್ಟುತ್ತೆ, ನಮಗೆ ಟೈಮ್ ಕೊಡುತ್ತೆ. ಇದು ನಿನ್ನೆ ತನಕ ಸರಿ ಇದ್ದು ಇವತ್ತು ನಿಂತುಬಿಡುತ್ತೆ. ಲಕ್ಷ ಕಿಲೋಮೀಟರಿನ ಆಸುಪಾಸಿಗೆ ಬಂದ ಗಾಡಿ ತಗೊಂಡಿದ್ದೀರಾ, ಪಂಪ್ ಬದಲಾಯಿಸಿದ ಬಿಲ್ ಇಲ್ಲವಾ? ಹಾಗಾದರೆ ಮೊದಲ ವಾರವೇ ಪಂಪ್, ಥರ್ಮೋಸ್ಟಾಟ್ ಎರಡೂ ಒಟ್ಟಿಗೆ ಬದಲಾಯಿಸಿ. ಎರಡೂ ಅಕ್ಕಪಕ್ಕ ಇವೆ, ಕೂಲಿ ಒಂದೇ. ಇನ್ನೊಂದು ವಿಷಯ ಮಾರುವವರು ಯಾರೂ ಹೇಳುವುದಿಲ್ಲ: ಇ90ರಲ್ಲಿ ಕೂಲೆಂಟ್ ಟೆಂಪರೇಚರ್ ಮುಳ್ಳೇ ಇಲ್ಲ. ದೀಪ ಬರುವ ತನಕ ನಿಮಗೆ ಏನೂ ಗೊತ್ತಾಗಲ್ಲ. ಗಾಡಿಯ ಕಂಪ್ಯೂಟರ್ ಓದುವ ಒಂದು ಬ್ಲೂಟೂತ್ ಓಬಿಡಿ ರೀಡರ್ ಸಿಕ್ಕಿಸಿ ಫೋನಿನಲ್ಲಿ ನೋಡುತ್ತಿರಿ. 105 ಡಿಗ್ರಿ ಕಂಡರೆ ಗಾಬರಿ ಬೇಡ, ನಿಧಾನವಾಗಿ ಹೋಗುವಾಗ ಕಂಪ್ಯೂಟರ್ ಬೇಕೆಂದೇ ಅಷ್ಟರಲ್ಲಿ ಇಡುತ್ತೆ. 115 ದಾಟಿ ಏರುತ್ತಲೇ ಇದ್ದರೆ, ಇಲ್ಲ ದೀಪ ಬಂದರೆ, ಫ್ಲೈಓವರ್ ಮೇಲಿದ್ದರೂ ಸೈಡಿಗೆ ಹಾಕಿ ಇಂಜಿನ್ ಆಫ್ ಮಾಡಿ. ಟೋಯಿಂಗ್ ಗಾಡಿಯ ಬಾಡಿಗೆ ಎಷ್ಟಾದರೂ ಇಂಜಿನ್ ಹೆಡ್ (ಸಿಲಿಂಡರುಗಳ ಮೇಲೆ ಕೂರುವ ಭಾಗ) ಕೆಲಸಕ್ಕಿಂತ ಕಡಿಮೆ. ಕಾದ ಅಲ್ಯೂಮಿನಿಯಂ ಹೆಡ್ ಬಾಗುತ್ತೆ, ಕೆಲವು ಸಲ ಬ್ಲಾಕಿನ ಥ್ರೆಡ್ಡೇ ಕಿತ್ತು ಬರುತ್ತೆ.

ಪಂಪ್ ಹಾಕಿದ ಮೇಲೆ ಗಾಳಿ ತೆಗೆಯುವುದರಲ್ಲೂ ಡೀಸೆಲ್ ಕೈಗಳು ಎಡವುತ್ತವೆ. ಕ್ಯಾಪ್ ತೆಗೆದಿಟ್ಟು, ಇಂಜಿನ್ ಸ್ಟಾರ್ಟ್ ಮಾಡಿ, ಗುಳ್ಳೆ ನಿಲ್ಲುವ ತನಕ ಓಡಿಸುವ ಪದ್ಧತಿ ಇಲ್ಲಿ ನಡೆಯಲ್ಲ. ಬ್ಯಾಟರಿಗೆ ಚಾರ್ಜರ್ ಹಾಕಿ. ಇಗ್ನಿಷನ್ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡಬೇಡಿ. ಹೀಟರ್ ಬಿಸಿ ಪೂರ್ತಿ ಮೇಲಕ್ಕೆ, ಫ್ಯಾನ್ ಪೂರ್ತಿ ಕೆಳಕ್ಕೆ. ಆಕ್ಸಿಲರೇಟರನ್ನು ತಳಮುಟ್ಟ ಒತ್ತಿ 10 ಸೆಕೆಂಡ್ ಹಿಡಿದು ಬಿಡಿ. ಪಂಪ್ ತಾನೇ ಗುಂಯ್ ಅಂತ ಶುರುವಾಗಿ ಸುಮಾರು 12 ನಿಮಿಷ ತಿರುಗಿ ಗಾಳಿ ಹೊರಹಾಕುತ್ತೆ. ನಿಂತ ಮೇಲೆ ಟ್ಯಾಂಕ್ ಮಟ್ಟ ನೋಡಿ ತುಂಬಿಸಿ. ಬಿಎಂಡಬ್ಲ್ಯೂಗೆ ಹೇಳಿದ ನೀಲಿ ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಬೋರ್‌ವೆಲ್ ನೀರು ಹಾಕಿದರೆ ಒಳಗೆ ಸುಣ್ಣ ಕಟ್ಟುತ್ತೆ.

"ಬೆವರುತ್ತೆ ಬಿಡಿ" ಅನ್ನುವ ಮಾತಿಗೆ ಬರ್ತೀನಿ, ನನಗೆ ಅತಿ ಸಿಟ್ಟು ತರಿಸುವ ಮಾತು ಅದು. ಇಂಜಿನ್ನಿನ ಮುಂಭಾಗದಲ್ಲಿ ಆಯಿಲ್ ಫಿಲ್ಟರ್ ಹೌಸಿಂಗ್ ಇದೆ. ಅದರ ಹಿಂದಿನ ರಬ್ಬರ್ ಗ್ಯಾಸ್ಕೆಟ್ ಬಿಸಿಗೆ ಒಣಗಿ ಬಿಸ್ಕತ್ತಿನ ಹಾಗೆ ಗಟ್ಟಿಯಾಗಿ ಸೋರುತ್ತೆ. ಸೋರಿದ ಆಯಿಲ್ ಬೀಳುವುದು ಬೆಲ್ಟ್ ಮೇಲೆ. ಆಯಿಲ್ ಕುಡಿದ ಬೆಲ್ಟ್ ಉಬ್ಬಿ, ಜಾರಿ, ಒಂದು ದಿನ ಪುಲ್ಲಿಯಿಂದ ಕಳಚುತ್ತೆ. ಕಳಚಿದ ಬೆಲ್ಟ್ ಎಳೆಎಳೆಯಾಗಿ ಕ್ರ್ಯಾಂಕ್ ಪುಲ್ಲಿ ಹಿಂದೆ ಸುತ್ತಿಕೊಂಡು, ಫ್ರಂಟ್ ಆಯಿಲ್ ಸೀಲ್ ಒಡೆದು ಇಂಜಿನ್ ಒಳಗೇ ಹೋಗುತ್ತೆ. ಅಲ್ಲಿಂದ ಸಂಪ್‌ಗೆ, ಸಂಪ್‌ನಿಂದ ಆಯಿಲ್ ಪಂಪಿನ ಜಾಲರಿಗೆ. ಅಂಗೈಯಲ್ಲಿ ಮುಚ್ಚಿಡಬಹುದಾದ ಒಂದು ರಬ್ಬರ್ ತುಂಡಿನಿಂದ ಇಷ್ಟೂ ಆಗುತ್ತೆ. ವಾಲ್ವ್ ಕವರ್ ಗ್ಯಾಸ್ಕೆಟ್ ಕೂಡ ಹಾಗೇ, ಅದರ ಹನಿ ಬಿಸಿ ಎಕ್ಸಾಸ್ಟ್ ಮೇಲೆ ಬೀಳುತ್ತೆ. ಸಿಗ್ನಲ್ಲಿನಲ್ಲಿ ನಿಂತಾಗ ಏಸಿ ಗಾಳಿಯಲ್ಲಿ ಸುಟ್ಟ ವಾಸನೆ ಬಂದರೆ ಅದೇ ಅಂತ ತಿಳಿಯಿರಿ.

ಆಯಿಲ್ 6.5 ಲೀಟರ್ ಹಿಡಿಯುತ್ತೆ. ಬಿಎಂಡಬ್ಲ್ಯೂ ಒಪ್ಪಿಗೆಯ ಗುರುತು ಎಲ್‌ಎಲ್-01 ಅಂತ ಡಬ್ಬಿಯ ಮೇಲೆ ಬರೆದಿರುವ 5ಡಬ್ಲ್ಯೂ-30 ಅಥವಾ 5ಡಬ್ಲ್ಯೂ-40 ಹಾಕಿ, 8,000ದಿಂದ 10,000 ಕಿಲೋಮೀಟರ್ ಅಥವಾ ವರ್ಷ, ಯಾವುದು ಮೊದಲೋ ಅದಕ್ಕೆ ಬದಲಾಯಿಸಿ. ಹಳೇ ಎಸ್‌ಯುವಿಗೆ ತಂದು ಉಳಿದ 15ಡಬ್ಲ್ಯೂ-40 ಡೀಸೆಲ್ ಆಯಿಲ್ ಇದಕ್ಕೆ ಸುರಿಯಬೇಡಿ. ವಾಲ್ವ್ ತೆರೆಯುವ ಹೊತ್ತನ್ನು ಹೊಂದಿಸುವ ವ್ಯಾನೋಸ್ ಸೊಲೆನಾಯ್ಡಿನ ಸಣ್ಣ ಜಾಲರಿಗಳು, ಹೈಡ್ರಾಲಿಕ್ ಲಿಫ್ಟರುಗಳು ಇರುವುದೇ ಆಯಿಲನ್ನು ನಂಬಿ. ಡಿಪ್‌ಸ್ಟಿಕ್ ಇಲ್ಲ. ಇಂಜಿನ್ ಬಿಸಿಯಾದ ಮೇಲೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಡಿಸ್‌ಪ್ಲೇಯಲ್ಲಿ ಮಟ್ಟ ನೋಡಬೇಕು. ತಿಂಗಳಿಗೊಮ್ಮೆ ನೋಡಿ.

"ಗೇರ್‌ಬಾಕ್ಸ್ ಆಯಿಲ್ ಲೈಫ್‌ಟೈಮ್" ಅನ್ನುವುದನ್ನೂ ನಂಬಬೇಡಿ. ಝಡ್ಎಫ್ 6 ಸ್ಪೀಡ್ ಬಾಕ್ಸ್ ಇದ್ದರೆ, ಅದನ್ನು ತಯಾರಿಸಿದ ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿಗೆ ಆಯಿಲ್ ಬದಲಾಯಿಸಿ ಅನ್ನುತ್ತೆ. ಪ್ಲಾಸ್ಟಿಕ್ ಪ್ಯಾನಿನಲ್ಲೇ ಫಿಲ್ಟರ್ ಸೇರಿರುತ್ತೆ, ಪ್ಯಾನ್ ಸಮೇತ ಬದಲಾಯಿಸಬೇಕು. ಮಟ್ಟ ನೋಡುವುದು ಇಂಜಿನ್ ಓಡುತ್ತಿರುವಾಗ, ಬಾಕ್ಸಿನ ಆಯಿಲ್ 30ರಿಂದ 50 ಡಿಗ್ರಿ ಇರುವಾಗ.

ಈಗ "ಸಾರ್, ಮೈಲೇಜ್?" ಅಂತ ಕೇಳುವವರಿಗೆ. ಪೆಟ್ರೋಲ್ 103, ಡೀಸೆಲ್ 91 ಅಂತ ಹಿಡಿಯಿರಿ. ಊರೊಳಗೆ ಈ ಗಾಡಿ ಏಳೂವರೆ ಕೊಡುತ್ತೆ, ನಿಮ್ಮ ಡೀಸೆಲ್ 13 ಕೊಡುತ್ತಿತ್ತು ಅನ್ನೋಣ. ತಿಂಗಳಿಗೆ 400 ಕಿಲೋಮೀಟರ್ ಓಡಿಸಿದರೆ ಸುಮಾರು 2,700 ರೂಪಾಯಿ ಹೆಚ್ಚು, ಅಷ್ಟೇ. ಮುಚ್ಚಿದ ಒಂದು ಡಿಪಿಎಫ್, ಹೋದ ಒಂದು ಟರ್ಬೊ ಈ ಲೆಕ್ಕವನ್ನು ಬುಡಮೇಲು ಮಾಡುತ್ತೆ. 1,500 ಕಿಲೋಮೀಟರ್ ಓಡಿಸುವವರಿಗೆ ವ್ಯತ್ಯಾಸ 10,000 ದಾಟುತ್ತೆ. ವಾರ ವಾರ ಹುಬ್ಬಳ್ಳಿಗೆ ಹೋಗಿ ಬರುವವರು ಡೀಸೆಲ್ಲೇ ಇಟ್ಟುಕೊಳ್ಳಿ, ನಿಮ್ಮ ಜೊತೆ ನನಗೆ ವಾದವಿಲ್ಲ.

"ಪಿಕಪ್ ಇಲ್ಲ" ಅನ್ನುವುದು ಇನ್ನೊಂದು ದೂರು. 177 ಎಚ್‌ಪಿಯ ಡೀಸೆಲ್ 320ಡಿ 1,750 ಆರ್‌ಪಿಎಂನಲ್ಲೇ 350 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ, ಕೊಡುತ್ತೆ. 325ಐ ಕೊಡುವುದು 250, ಅದೂ 2,750 ಆದ ಮೇಲೆ. 218 ಎಚ್‌ಪಿ ಪೂರ್ತಿ ಬರುವುದು 6,500ರಲ್ಲಿ. ಡೀಸೆಲ್ಲಿನ ಹಾಗೆ 2,000ದೊಳಗೇ ಓಡಿಸಿ ದೂರಿದರೆ ತಪ್ಪು ಕಾಲಿನದು. ಶಿರಾಡಿ ಘಾಟಿಯಲ್ಲಿ ಲಾರಿಯನ್ನು ಹಿಂದಿಕ್ಕಬೇಕಾದಾಗ ಎರಡು ಗೇರ್ ಇಳಿಸಿ ನೋಡಿ. ಆದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಹದಿನೈದು ನಿಮಿಷ 3,000 ದಾಟಿಸಬೇಡಿ, ಆಯಿಲ್ ಕಾಯುವುದು ಕೂಲೆಂಟ್ ಕಾದ ಎಷ್ಟೋ ಹೊತ್ತಿನ ಮೇಲೆ.

ಇ20 ಬಗ್ಗೆ ಮಾತ್ರ ನನ್ನಲ್ಲಿ ಸಮಾಧಾನದ ಉತ್ತರ ಇಲ್ಲ. ಈ ಇಂಜಿನ್ ಮಾಡುವಾಗ ನೂರಕ್ಕೆ 20 ಭಾಗ ಎಥನಾಲ್ ಬೆರೆಸಿದ ಪೆಟ್ರೋಲ್ ಯಾರ ಲೆಕ್ಕದಲ್ಲೂ ಇರಲಿಲ್ಲ. ನೀತಿ ಆಯೋಗದ 2021ರ ವರದಿಯೇ ಹಳೇ ಕಾರುಗಳಿಗೆ 6-7 ಶೇಕಡಾ ಮೈಲೇಜ್ ಇಳಿಯುತ್ತೆ ಅಂದಿತ್ತು. ಎಥನಾಲ್ ನೀರು ಹೀರುವ ವಸ್ತು, ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ಗಾಡಿ ನಿಲ್ಲಿಸಬೇಡಿ. ವರ್ಷಕ್ಕೊಮ್ಮೆ ಫ್ಯೂಯಲ್ ಪೈಪುಗಳ ರಬ್ಬರ್ ಬಿರುಕು ಬಿಟ್ಟಿದೆಯಾ ನೋಡಿಸಿ.

ನೋಡಲು ಹೋಗುವಾಗ ಇಂಜಿನ್ ತಣ್ಣಗಿರಲಿ, "ನಾವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ" ಅಂತ ಹೇಳಿ, ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಸ್ಕ್ಯಾನರ್ ಹಾಕಿಸಿ. ಒಂದೂ ಕೋಡ್ ಇಲ್ಲ ಅಂದರೆ ಹಿಗ್ಗಬೇಡಿ, ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಂಡಿದೆಯಾ ಅಂತ ತೋರಿಸುವ ರೆಡಿನೆಸ್ ಮಾನಿಟರ್ ನೋಡಿ. "ಇನ್‌ಕಂಪ್ಲೀಟ್" ಅಂತಿದ್ದರೆ ಬ್ಯಾಟರಿ ಕಳಚಿರಬೇಕು, ಇಲ್ಲ ಈಚೆಗಷ್ಟೇ ಕೋಡ್ ಅಳಿಸಿರಬೇಕು. ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಅನ್ನುವ ಮಿಸ್‌ಫೈರ್ ಕೋಡ್ ಪಿ0303 ಬಂದರೆ ಮೂರನೇ ಸಿಲಿಂಡರಿನ ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ತೆಗೆದು ಐದನೆಯದಕ್ಕೆ ಹಾಕಿಸಿ. ಕೋಡ್ ಪಿ0305 ಆದರೆ ಕಾಯಿಲ್ ಹೋಗಿದೆ, ಅಲ್ಲೇ ಉಳಿದರೆ ಪ್ಲಗ್ ಅಥವಾ ಇಂಜೆಕ್ಟರ್ ನೋಡಬೇಕು. ದೆಹಲಿಯಿಂದ ಬಂದ ಗಾಡಿಯಾದರೆ ಎನ್‌ಒಸಿ, ಇಲ್ಲಿನ ಲೈಫ್‌ಟೈಮ್ ಟ್ಯಾಕ್ಸ್, ಎರಡೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. 2010ರ ಗಾಡಿಗೆ 2025ಕ್ಕೇ 15 ವರ್ಷ ತುಂಬಿದೆ, ಎಫ್‌ಸಿ ಆಗಿ ಆರ್‌ಸಿ ನವೀಕರಣ ಆಗಿದೆಯಾ ಕೇಳಿ. ಕೊಟ್ಟ ಬೆಲೆಯ ಕಾಲು ಭಾಗದಷ್ಟು ದುಡ್ಡು ಮೊದಲ ರಿಪೇರಿಗೆ ಅಂತ ಬೇರೆ ಇಲ್ಲದಿದ್ದರೆ ಇನ್ನೊಂದು ವರ್ಷ ತಡೆಯಿರಿ.

ಇದನ್ನು ಓದುವವರಲ್ಲೇ ಎನ್52 ಗಾಡಿ ತಗೊಂಡವರು ಮೂವರಿದ್ದೀರಿ. ನಾಳೆ ಬೆಳಿಗ್ಗೆ ಬಾನೆಟ್ ಎತ್ತಿ, ಟಾರ್ಚ್ ಹಿಡಿದು ಫಿಲ್ಟರ್ ಹೌಸಿಂಗ್ ಕೆಳಗೂ ಬೆಲ್ಟಿನ ಅಂಚಿಗೂ ನೋಡಿ. ಒದ್ದೆ ಕಂಡರೆ ಗಾಡಿ ಹೊರಗೆ ತೆಗೆಯಬೇಡಿ, ನನಗೆ ಫೋಟೋ ಕಳಿಸಿ.