ವಿಟ್ಟಿಯರ್: ಇಡೀ ಊರು ಒಂದೇ ಕಟ್ಟಡದಲ್ಲಿದೆಯೇ?

ಅಲಾಸ್ಕಾದ ವಿಟ್ಟಿಯರ್ ನಗರದ ಜನರೆಲ್ಲರೂ ಒಂದೇ ಕಟ್ಟಡದಲ್ಲಿ ವಾಸಿಸುತ್ತಾರೆ, ಅವರು ಹೊರಗೆ ಕಾಲಿಡುವ ಅಗತ್ಯವೇ ಇಲ್ಲ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಹರಿದಾಡುತ್ತಿರುತ್ತದೆ. ಇದು ಅರ್ಧ ಸತ್ಯ.

2020ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 272. ನಮ್ಮಲ್ಲಾದರೆ ಅದನ್ನು ನಗರವೆಂದು ಯಾರೂ ಕರೆಯುತ್ತಿರಲಿಲ್ಲ. ಅವರಲ್ಲಿ ಬಹುಪಾಲು ಜನರು, ಅಮೆರಿಕದ ಸೇನೆ 1950ರ ದಶಕದಲ್ಲಿ ಕಟ್ಟಿಸಿದ 14 ಅಂತಸ್ತಿನ ಬೆಗಿಚ್ ಟವರ್ಸ್‌ನಲ್ಲಿ ನೆಲೆಸಿರುವುದು ನಿಜ. ಅಂಚೆ ಕಚೇರಿಯೂ ದಿನಸಿ ಅಂಗಡಿಯೂ ಅದರೊಳಗೇ ಇವೆ; ಹಿಮಗಾಳಿ ಬೀಸುವ ದಿನಗಳಲ್ಲಿ ಮಕ್ಕಳು ನೆಲದಡಿಯ ಸುರಂಗದ ಮೂಲಕ ಶಾಲೆಗೆ ಹೋಗುತ್ತಾರೆ. ಆದರೆ ಉಳಿದ ಕೆಲವರ ಮನೆಗಳು ಬೇರೆಡೆ, ಮುಖ್ಯವಾಗಿ ವಿಟ್ಟಿಯರ್ ಮ್ಯಾನರ್ ಎಂಬ ಇನ್ನೊಂದು ವಸತಿ ಕಟ್ಟಡದಲ್ಲಿವೆ.

ಹೊರಗೆ ಕಾಲಿಡುವುದೇ ಇಲ್ಲ ಎಂಬ ಮಾತಂತೂ ಸುಳ್ಳು, ಏಕೆಂದರೆ ಊರಿನ ಹೊಟ್ಟೆಪಾಡು ಇರುವುದೇ ಹೊರಗೆ: ಬಂದರು, ಮೀನುಗಾರಿಕೆ, ರೈಲ್ವೆ, ದೋಣಿ ಸಂಚಾರ ಮತ್ತು ಬೇಸಿಗೆಯ ಪ್ರವಾಸಿಗರು. ರಸ್ತೆಯಲ್ಲಿ ಹೊರಜಗತ್ತಿಗೆ ಹೋಗಲು ಇರುವುದು ಸುಮಾರು 4 ಕಿಲೋಮೀಟರ್ ಉದ್ದದ ಒಂದು ಸುರಂಗ ಮಾತ್ರ. 2000ದಲ್ಲಿ ಕಾರುಗಳಿಗೆ ತೆರೆದುಕೊಂಡ ಅದರ ಒಂದೇ ಪಥವನ್ನು ರೈಲುಗಳೂ ವಾಹನಗಳೂ ಸರದಿಯಂತೆ ಬಳಸುತ್ತವೆ. ರಾತ್ರಿ ಅದು ಮುಚ್ಚುವುದರಿಂದ, ಹತ್ತಿರದ ದೊಡ್ಡ ನಗರವಾದ ಆಂಕರೇಜ್‌ನಿಂದ ಮರಳುವವರು ಗಡಿಯಾರ ನೋಡುತ್ತಲೇ ಕಾರು ಓಡಿಸಬೇಕಾಗುತ್ತದೆ.