ತತ್ವಶಾಸ್ತ್ರದ ಓದು ಶುರುವಾಗಬೇಕಾದದ್ದು ತರ್ಕದಿಂದ

ಬೆಂಗಳೂರಿನಲ್ಲಿ ಡಿಗ್ರಿ, ಎಂಎ ಅಡ್ಮಿಷನ್ ಹೊತ್ತಿಗೆ ತತ್ವಶಾಸ್ತ್ರ ತಗೊಳ್ಳಬೇಕು ಅನ್ನುವ ಹುಡುಗ ಹುಡುಗಿಯರು ಕೇಳುವುದು ಎರಡೇ ಪ್ರಶ್ನೆ: ಯಾವ ಕಾಲೇಜು, ಮುಂದೆ ಕೆಲಸ ಏನು. ಎರಡನ್ನೂ ಕೇಳಲೇಬೇಕು, ಕೆಳಗೆ ಅದರ ಬಗ್ಗೆಯೂ ಬರೆದಿದ್ದೇನೆ. ಆದರೆ ಈ ಓದು ಎಲ್ಲಿ ಕೆಡುತ್ತದೆ ಅಂತ ಯಾರೂ ಕೇಳುವುದಿಲ್ಲ. ನನ್ನ ಖಚಿತ ಅಭಿಪ್ರಾಯ ಇದು: ಮೊದಲ ಸೆಮಿಸ್ಟರ್‌ನಲ್ಲೇ ಕೆಡುತ್ತದೆ. ತರ್ಕ ಕಲಿಯದೆ ದಾರ್ಶನಿಕರ ಅಭಿಪ್ರಾಯಗಳನ್ನು ಬಾಯಿಪಾಠ ಮಾಡಲು ಕೂರುವುದೇ ಅದಕ್ಕೆ ಕಾರಣ.

ಯಾವುದೇ ಗೈಡ್ ತೆರೆದು ನೋಡಿ. 'ಶಂಕರರ ಪ್ರಕಾರ ಜಗತ್ತು ಮಿಥ್ಯೆ', 'ಡೆಕಾರ್ಟ್ ಎಲ್ಲವನ್ನೂ ಸಂಶಯಿಸಿದ'. ಇವೆಲ್ಲ ಬರೀ ತೀರ್ಮಾನಗಳು. ಯಾರ ವಿರುದ್ಧ ಹೇಳಿದ್ದು, ಯಾವ ಕಾರಣ ಕೊಟ್ಟು ಹೇಳಿದ್ದು, ಆ ಕಾರಣ ಎಲ್ಲಿ ಸಡಿಲ ಅನ್ನುವುದು ಅಲ್ಲಿ ಇರುವುದಿಲ್ಲ. ಹೀಗೆ ಮೂರು ವರ್ಷ ಓದಿದವರಿಗೆ ಐವತ್ತು ಜನ ದಾರ್ಶನಿಕರ ಹೆಸರು ಬರುತ್ತದೆ, ಒಂದು ವಾದವನ್ನು ನೆಟ್ಟಗೆ ಬಿಡಿಸಿಡಲು ಬರುವುದಿಲ್ಲ.

ನಮ್ಮ ಕಡೆ ಇದಕ್ಕೆ ಸಾಧನ ಇಲ್ಲದೆ ಇಲ್ಲ. ಪಿಯುಸಿ ಕಲಾ ವಿಭಾಗದಲ್ಲಿ ತರ್ಕಶಾಸ್ತ್ರ ಒಂದು ಐಚ್ಛಿಕ ವಿಷಯ. ಅದನ್ನು ತಗೊಂಡಿರದವರು ಆ ಪಠ್ಯಪುಸ್ತಕವನ್ನೇ ತಂದು ಓದಿಕೊಳ್ಳಬಹುದು. ಅದರ ಜೊತೆಗೆ ಅನ್ನಂಭಟ್ಟನ ತರ್ಕಸಂಗ್ರಹದ ಅನುಮಾನ ಭಾಗ. ಇಲ್ಲಿ ಅನುಮಾನ ಅಂದರೆ ಸಂಶಯ ಅಲ್ಲ, ಕಂಡದ್ದರಿಂದ ಕಾಣದ್ದನ್ನು ತಿಳಿಯುವುದು. ಪುಸ್ತಕ ಚಿಕ್ಕದು, ಪಾಠಶಾಲೆಗಳಲ್ಲಿ ನ್ಯಾಯಶಾಸ್ತ್ರ, ಅಂದರೆ ಭಾರತೀಯ ತರ್ಕದ ದರ್ಶನ, ಶುರು ಮಾಡುವವರಿಗೆ ಮೊದಲು ಹೇಳಿಕೊಡುವುದೂ ಅದನ್ನೇ. ಅಲ್ಲಿಯ ಹಳೇ ಉದಾಹರಣೆಯನ್ನು ಹತ್ತಿರದಿಂದ ನೋಡೋಣ.

ಬೆಟ್ಟದಲ್ಲಿ ಬೆಂಕಿ ಇದೆ: ಇದು ಪ್ರತಿಜ್ಞೆ, ಅಂದರೆ ಸಾಧಿಸಬೇಕಾದ ಮಾತು. ಹೊಗೆ ಇರುವುದರಿಂದ: ಹೇತು, ಅಂದರೆ ಕಾರಣ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಇದ್ದ ಹಾಗೆ: ಉದಾಹರಣೆ. ಈ ಬೆಟ್ಟದಲ್ಲೂ ಅಂಥ ಹೊಗೆ ಇದೆ: ಉಪನಯ. ಆದ್ದರಿಂದ ಇಲ್ಲಿ ಬೆಂಕಿ ಇದೆ: ನಿಗಮನ. ಐದು ಅವಯವಗಳನ್ನು ಒಪ್ಪಿಸಿ ಐದು ಅಂಕ ತಗೊಳ್ಳುವುದು ಸುಲಭ. ಕಲಿಯಬೇಕಾದದ್ದು ಅದರ ಮುಂದೆ ಇದೆ. ಇದನ್ನೇ ತಿರುಗಿಸಿ, 'ಬೆಟ್ಟದಲ್ಲಿ ಹೊಗೆ ಇದೆ, ಬೆಂಕಿ ಇರುವುದರಿಂದ' ಅನ್ನಿ. ವಾದ ಬಿದ್ದುಹೋಗುತ್ತದೆ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆ ಬರಬೇಕಾದರೆ ಹಸಿ ಸೌದೆ ಬೇಕು. ಹೊಗೆ ಇರುವಲ್ಲೆಲ್ಲ ಹಸಿ ಸೌದೆ ಇದೆ, ಬೆಂಕಿ ಇರುವಲ್ಲೆಲ್ಲ ಇಲ್ಲ. ಹೀಗೆ ಸಾಧ್ಯದ (ಸಾಧಿಸಬೇಕಾದದ್ದು, ಇಲ್ಲಿ ಹೊಗೆ) ಜೊತೆಗಿದ್ದು ಹೇತುವಿನ (ಇಲ್ಲಿ ಬೆಂಕಿ) ಜೊತೆ ಯಾವಾಗಲೂ ಇರದ ಸಂಗತಿಗೆ ನೈಯಾಯಿಕರು ಉಪಾಧಿ ಅನ್ನುತ್ತಾರೆ. 'ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದಾನೆ, ಆದ್ದರಿಂದ ಐಟಿ ಕೆಲಸ ಸಿಗುತ್ತದೆ' ಅನ್ನುವ ಮಾತಿಗೆ ಇದೇ ಪರೀಕ್ಷೆ ಮಾಡಿ ನೋಡಿ. ಅಲ್ಲಿ ಹಸಿ ಸೌದೆಯ ಜಾಗದಲ್ಲಿ ಏನಿದೆ ಅಂತ ತಾವಾಗಿಯೇ ಹುಡುಕುವುದು ತರಗತಿಯ ಮೊದಲ ಹೋಂವರ್ಕ್ ಆಗಬೇಕು.

ಇನ್ನೊಂದು, ಬೆಂಗಳೂರಿನವರಿಗೇ ಸಲ್ಲುವ ಪ್ರಶ್ನೆ. ಬೆಂಕಿ ಇಲ್ಲದ ಕಡೆ ಹೊಗೆ ಇಲ್ಲ ಅನ್ನುವುದಕ್ಕೆ ಶಾಸ್ತ್ರದಲ್ಲಿ ಕೊಡುವ ದೃಷ್ಟಾಂತ ಕೆರೆ ಅಥವಾ ಮಡು. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಯಲ್ಲೇ ಬೆಂಕಿ ಹತ್ತಿ ಹೊಗೆ ಎದ್ದಿತು. ಹಾಗಾದರೆ ವ್ಯಾಪ್ತಿ, ಅಂದರೆ 'ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ' ಅನ್ನುವ ನಿಯಮ, ಮುರಿಯಿತೇ? ಅವಸರದಲ್ಲಿ 'ಹೌದು' ಅನ್ನುವವರೇ ಹೆಚ್ಚು. ಮುರಿಯಲಿಲ್ಲ. ಅಲ್ಲಿ ಹೊಗೆಯೂ ಇತ್ತು, ಬೆಂಕಿಯೂ ಇತ್ತು. ಅಂದರೆ ಆವತ್ತು ಆ ಕೆರೆ ವಿಪಕ್ಷದ (ಬೆಂಕಿ ಇಲ್ಲದ ಜಾಗಗಳ) ಸಾಲಿನಿಂದ ಎದ್ದು ಸಪಕ್ಷದ (ಬೆಂಕಿ ಇರುವ ಜಾಗಗಳ) ಸಾಲಿಗೆ ಬಂತು, ಅಷ್ಟೆ. ವ್ಯಾಪ್ತಿ ಮುರಿಯಲು ಬೆಂಕಿಯೇ ಇಲ್ಲದ ಕಡೆ ಹೊಗೆ ಕಾಣಬೇಕು. ದೃಷ್ಟಾಂತ ಕೆಡುವುದು ಬೇರೆ, ನಿಯಮ ಕೆಡುವುದು ಬೇರೆ. ಇದು ಗಟ್ಟಿಯಾದವರಿಗೆ ಪಾಶ್ಚಾತ್ಯ ತತ್ವಶಾಸ್ತ್ರದಲ್ಲಿ ಪ್ರತಿನಿದರ್ಶನ (ನಿಯಮ ಸುಳ್ಳಾಗುವ ಒಂದು ಉದಾಹರಣೆ) ಕೊಟ್ಟು ವಾದ ಕೆಡವುವ ಕ್ರಮ ಅರ್ಧ ಗಂಟೆಯಲ್ಲಿ ಹತ್ತುತ್ತದೆ.

ಈಗ ಪರೀಕ್ಷೆಯಲ್ಲಿ ಅತಿ ಹೆಚ್ಚು ಕಾಣುವ ತಪ್ಪಿಗೆ ಬರೋಣ. 'ಡೆಕಾರ್ಟ್ ಮತ್ತು ಶಂಕರ ಇಬ್ಬರೂ ಜಗತ್ತನ್ನು ಕನಸು ಅಂದರು' ಅಂತ ತುಲನಾತ್ಮಕ ಉತ್ತರ ಬರೆಯುತ್ತಾರೆ. ಎರಡೂ ಕಡೆ ತಪ್ಪು. 1641ರಲ್ಲಿ ಬಂದ 'ಮೆಡಿಟೇಷನ್ಸ್' ಪುಸ್ತಕದಲ್ಲಿ ಫ್ರೆಂಚ್ ದಾರ್ಶನಿಕ ಡೆಕಾರ್ಟ್ ಮೂರು ಹೆಜ್ಜೆ ಇಡುತ್ತಾನೆ: ಇಂದ್ರಿಯಗಳು ಕೆಲವೊಮ್ಮೆ ಮೋಸ ಮಾಡುತ್ತವೆ, ಈಗ ಕಾಣುತ್ತಿರುವುದು ಕನಸಿರಬಹುದು, ನನ್ನನ್ನು ಎಲ್ಲದರಲ್ಲೂ ವಂಚಿಸುವ ಶಕ್ತಿಯೊಂದು ಇರಬಹುದು. ಎರಡನೆಯದು ಇರುವಾಗ ಮೂರನೆಯದು ಯಾಕೆ ಬೇಕಾಯಿತು? ಕನಸಿನಲ್ಲೂ ಎರಡಕ್ಕೆ ಮೂರು ಕೂಡಿಸಿದರೆ ಐದೇ, ಚೌಕಕ್ಕೆ ನಾಲ್ಕೇ ಬದಿ. ಕನಸಿನ ವಾದಕ್ಕೆ ಗಣಿತ ಅಲ್ಲಾಡುವುದಿಲ್ಲ, ಅದಕ್ಕೇ ಮೂರನೇ ಹೆಜ್ಜೆ. ಈ ಒಂದು ಸಾಲು ಇಲ್ಲದ ಉತ್ತರಕ್ಕೆ ಪೂರ್ತಿ ಅಂಕ ಕೊಡಬಾರದು.

ಶಂಕರರ ಕಡೆ ನೋಡಿ. ಬ್ರಹ್ಮಸೂತ್ರ 2.2.29, 'ವೈಧರ್ಮ್ಯಾಚ್ಚ ನ ಸ್ವಪ್ನಾದಿವತ್'. ಇದರ ಭಾಷ್ಯದಲ್ಲಿ ಶಂಕರರು ವಿಜ್ಞಾನವಾದಿ ಬೌದ್ಧರಿಗೆ (ಹೊರಗೆ ವಸ್ತುವಿಲ್ಲ, ಇರುವುದು ಅರಿವು ಮಾತ್ರ ಅನ್ನುವವರು) ಎದುರಾಗಿ, ಎಚ್ಚರದ ಅನುಭವ ಕನಸಿನ ಹಾಗೆ ಅಲ್ಲ ಅಂತಲೇ ವಾದಿಸುತ್ತಾರೆ. ಕನಸಿನಲ್ಲಿ ಕಂಡದ್ದು ಎದ್ದ ಮೇಲೆ ಬಾಧಿತವಾಗುತ್ತದೆ, ಅಂದರೆ ಸುಳ್ಳು ಅಂತ ಗೊತ್ತಾಗುತ್ತದೆ, ಎಚ್ಚರದಲ್ಲಿ ಕಂಡ ಕಂಬ ಹಾಗೆ ಯಾವ ಅವಸ್ಥೆಯಲ್ಲೂ ಬಾಧಿತವಾಗುವುದಿಲ್ಲ. ಕನಸು ಸ್ಮೃತಿ (ನೆನಪು), ಎಚ್ಚರ ಉಪಲಬ್ಧಿ (ನೇರ ಅರಿವು). ಅದೇ ಪರಂಪರೆಯ ಗೌಡಪಾದರು ಮಾಂಡೂಕ್ಯ ಕಾರಿಕೆಯ ಎರಡನೇ ಪ್ರಕರಣದಲ್ಲಿ ಕನಸಿಗೂ ಎಚ್ಚರಕ್ಕೂ ಇರುವ ಸಾಮ್ಯವನ್ನೇ ಹಿಡಿದು ವಾದಿಸುತ್ತಾರೆ. ಒಂದೇ ಪರಂಪರೆಯಲ್ಲಿ ಇವೆರಡೂ ಹೇಗೆ ಕೂಡುತ್ತವೆ ಅನ್ನುವುದು ನಿಜವಾದ ಪ್ರಶ್ನೆ. ಗೈಡ್ ಓದಿದವರಿಗೆ ಆ ಪ್ರಶ್ನೆ ಹುಟ್ಟುವುದೇ ಇಲ್ಲ, ನನಗೆ ಸಂಕಟವಾಗುವುದು ಅದಕ್ಕೆ.

ಹಾಗಾದರೆ ಓದುವುದು ಹೇಗೆ? ಎರಡು ಗಂಟೆಗೆ ಎಂಟು ಪುಟ ಸಾಕು, ಮೂಲಗ್ರಂಥವಾದರೆ ಇನ್ನೂ ಕಡಿಮೆ. ಮೊದಲ ಸಲ ಪೆನ್ನು ಕೆಳಗಿಟ್ಟು ಓದಿ. ಎರಡನೇ ಸಲ ಅಂಚಿನಲ್ಲಿ ಗುರುತು ಹಾಕಿ: ಎದುರಾಳಿಯ ಮಾತಿಗೆ (ಪೂರ್ವಪಕ್ಷ) 'ಪೂ', ಲೇಖಕನ ಮಾತಿಗೆ (ಸಿದ್ಧಾಂತ) 'ಸಿ'. ಪೂರ್ವಪಕ್ಷದ ವಾಕ್ಯವನ್ನು ಸಿದ್ಧಾಂತ ಅಂತ ತಿಳಿದು ಉದ್ಧರಿಸುವುದು ಎಂಎ ಮಟ್ಟದಲ್ಲೂ ಆಗುವ ಅನಾಹುತ. ಭಾಷ್ಯಗಳಲ್ಲಿ 'ನನು' ಬಂದರೆ ಸಾಮಾನ್ಯವಾಗಿ ಆಕ್ಷೇಪ ಶುರು, 'ಇತಿ ಚೇತ್' ಬಂದರೆ ಮುಗಿಯಿತು, 'ನ' ಅಂದಲ್ಲಿಂದ ಉತ್ತರ. ಇಂಗ್ಲಿಷ್ ಪುಸ್ತಕಗಳಲ್ಲಿ ಇಷ್ಟು ಸ್ಪಷ್ಟ ಕೈಮರಗಳಿಲ್ಲ, ಅಲ್ಲಿ ಇನ್ನೂ ಎಚ್ಚರ ಬೇಕು. ಮೂರನೇ ಸಲ ಪುಸ್ತಕ ಮುಚ್ಚಿ ವಾದವನ್ನು ಐದಾರು ವಾಕ್ಯದಲ್ಲಿ ಕನ್ನಡದಲ್ಲೇ ಬರೆಯಿರಿ. ಪರೀಕ್ಷೆ ಇಂಗ್ಲಿಷಿನಲ್ಲಿದ್ದರೂ ಮೊದಲ ಟಿಪ್ಪಣಿ ಕನ್ನಡದಲ್ಲಿರಲಿ. ಅರ್ಥವಾಗದ ಜಾಗವನ್ನು ಇಂಗ್ಲಿಷಿನ ದೊಡ್ಡ ಪದ ಮುಚ್ಚಿಬಿಡುತ್ತದೆ, ಕನ್ನಡದಲ್ಲಿ ಬರೆಯುವಾಗ ಪೆನ್ನು ಅಲ್ಲೇ ನಿಲ್ಲುತ್ತದೆ.

1500 ಪದದ ಪ್ರಬಂಧಕ್ಕೆ ಅಳತೆ ಹೀಗಿರಲಿ: ನೂರು ಪದದಲ್ಲಿ ನಿಮ್ಮ ಪ್ರತಿಜ್ಞೆ, ಐನೂರರಲ್ಲಿ ಎದುರಾಳಿಯ ವಾದ, ನಾನೂರರಲ್ಲಿ ನಿಮ್ಮ ಆಕ್ಷೇಪ, ಅದಕ್ಕೆ ಅವನು ಕೊಡಬಹುದಾದ ಉತ್ತರ ಮತ್ತು ನಿಮ್ಮ ಮರುಮಾತು ಉಳಿದ ಐನೂರರಲ್ಲಿ. ಎದುರಾಳಿಗೆ ಇಷ್ಟು ಜಾಗ ಯಾಕೆ ಅನ್ನಿಸಬಹುದು. ಅವನ ವಾದವನ್ನು ದುರ್ಬಲ ಮಾಡಿ ಸೋಲಿಸಿದರೆ ಪ್ರಬಂಧದಲ್ಲಿ ಏನೂ ನಡೆದಿರುವುದಿಲ್ಲ. 'ಮನುಷ್ಯನಿಗೆ ಸ್ವಾತಂತ್ರ್ಯ ಇದೆಯೇ' ಅಂಥ ವಿಷಯ ಬೇಡ, ಒಂದು ಗ್ರಂಥದ ಒಂದು ಹೆಜ್ಜೆ ಸಾಕು. ಉಲ್ಲೇಖ ಕೊಡುವಾಗ ಪ್ಲೇಟೋಗೆ ಅಂಚಿನಲ್ಲಿ ಅಚ್ಚಾಗಿರುವ ಸ್ಟೆಫನಸ್ ಸಂಖ್ಯೆ, ಕಾಂಟ್‌ನ ಮೊದಲ ವಿಮರ್ಶೆಗೆ ('ಕ್ರಿಟಿಕ್ ಆಫ್ ಪ್ಯೂರ್ ರೀಸನ್') 1781 ಮತ್ತು 1787ರ ಮುದ್ರಣಗಳ ಎ, ಬಿ ಸಂಖ್ಯೆ ಬಳಸಿ. ಪುಟಸಂಖ್ಯೆ ಅನುವಾದದಿಂದ ಅನುವಾದಕ್ಕೆ ಬದಲಾಗುತ್ತದೆ. ಚಾಟ್‌ಬಾಟ್ ಕೊಟ್ಟ ಉಲ್ಲೇಖವನ್ನು ಪುಸ್ತಕ ತೆರೆದು ನೋಡದೆ ಹಾಕಬೇಡಿ, ಇಲ್ಲದ ಸಾಲನ್ನೂ ಅದು ಧೈರ್ಯವಾಗಿ ಕೊಡುತ್ತದೆ.

ಎಲ್ಲಿ ಓದುವುದು? ಮೈಸೂರಿನ ಮಾನಸಗಂಗೋತ್ರಿಯಲ್ಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ವಿಭಾಗಗಳಿವೆ. ಬೆಂಗಳೂರು ಬಿಡಲಾಗದವರಿಗೆ ಇಗ್ನೋದ ದೂರಶಿಕ್ಷಣದ ಎಂಎ ಇದೆ. ಅದರ ಪಾಠಗಳು ಇಜ್ಞಾನಕೋಶ ಅನ್ನುವ ಅವರದೇ ಜಾಲತಾಣದಲ್ಲಿ ಉಚಿತ. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಸೇರುವ ಮೊದಲು ಸಿಲಬಸ್ ತರಿಸಿಕೊಂಡು ಮೂರು ಸಂಗತಿ ನೋಡಿ: ತರ್ಕಕ್ಕೆ ಒಂದು ಪೂರ್ತಿ ಪೇಪರ್ ಇದೆಯೇ, ಮೂಲಗ್ರಂಥ ಓದಿಸುತ್ತಾರೆಯೇ, ಪ್ರಬಂಧಕ್ಕೆ ಎಷ್ಟು ಅಂಕ. ಬ್ರೋಷರ್‌ನ ಫೋಟೋಗಳಿಂದ ಇದು ಯಾವುದೂ ತಿಳಿಯುವುದಿಲ್ಲ. ಸಂಸ್ಕೃತ ಗ್ರಂಥಗಳನ್ನು ಪಂಕ್ತಿ ಹಿಡಿದು ಪಾಠ ಹೇಳಬಲ್ಲ ವಿದ್ವಾಂಸರು ಚಾಮರಾಜಪೇಟೆಯ ಸಂಸ್ಕೃತ ಕಾಲೇಜು, ಕತ್ರಿಗುಪ್ಪೆಯ ಪೂರ್ಣಪ್ರಜ್ಞ ವಿದ್ಯಾಪೀಠದ ಆಸುಪಾಸಿನಲ್ಲಿ ಇದ್ದಾರೆ. ಯೂನಿವರ್ಸಿಟಿ ಹುಡುಗರು ಅತ್ತ ಹೋಗದಿರುವುದು ದೊಡ್ಡ ನಷ್ಟ. ಬಸವನಗುಡಿಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನ ಗ್ರಂಥಾಲಯ ಇದೆ. ಭಾರತೀಯ ದರ್ಶನಕ್ಕೆ ಒಂದೇ ಪುಸ್ತಕ ಅಂದರೆ ಮೈಸೂರಿನ ಹಿರಿಯಣ್ಣನವರ 'ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ', 1932ರದ್ದು. ತೀರ್ಮಾನದ ಜೊತೆ ಕಾರಣವನ್ನೂ ಕೊಡುತ್ತಾರೆ.

ಕೆಲಸದ ಮಾತು. ಅಧ್ಯಾಪಕರ ಹುದ್ದೆಗಳು ಕಡಿಮೆ, ಇದನ್ನು ಮನೆಯವರಿಗೆ ಮೊದಲೇ ಹೇಳಿ. ಅಧ್ಯಾಪಕರಾಗಲು ಬರೆಯುವ ನೆಟ್ ಪರೀಕ್ಷೆಗೆ 300 ಅಂಕ, ಅದರಲ್ಲಿ 200 ವಿಷಯದ್ದು. ಸಿಲಬಸ್‌ನಲ್ಲಿ ತರ್ಕಕ್ಕೇ ಒಂದು ಘಟಕ ಇದೆ, ಜನ ಬಿಟ್ಟುಹೋಗುವುದೂ ಅದನ್ನೇ. ಯುಪಿಎಸ್‌ಸಿಯಲ್ಲಿ ಐಚ್ಛಿಕ ವಿಷಯಕ್ಕೆ 250 ಅಂಕದ ಎರಡು ಪತ್ರಿಕೆ, ಕನ್ನಡದಲ್ಲಿ ಬರೆಯಲು ಅವಕಾಶ ಇದೆ. ಸಿಲಬಸ್ ಚಿಕ್ಕದು ಅಂತ ವಿಜಯನಗರದ ಕೋಚಿಂಗ್‌ಗಳ ಕಡೆ ಇದನ್ನು ಆರಿಸಿಕೊಳ್ಳುವವರಿದ್ದಾರೆ. ಸಿಲಬಸ್ ಚಿಕ್ಕದಿರುವುದರಿಂದಲೇ ಪ್ರಶ್ನೆ ಆಳಕ್ಕೆ ಹೋಗುತ್ತದೆ, ನೋಟ್ಸ್ ನಂಬಿದವರು ಅಲ್ಲೇ ಜಾರುತ್ತಾರೆ.

ಒಬ್ಬರೇ ಓದಬೇಡಿ. ನಾಲ್ಕೈದು ಜನ ಸೇರಿ ವಾರಕ್ಕೊಮ್ಮೆ ಕೂತುಕೊಳ್ಳಿ. ಒಬ್ಬರು ಗಟ್ಟಿಯಾಗಿ ಓದಲಿ, ಒಬ್ಬರು ಇಡೀ ಹೊತ್ತು ಪೂರ್ವಪಕ್ಷದವರಾಗಿಯೇ ಇರಲಿ, ಒಬ್ಬರು ಬರೆದುಕೊಳ್ಳಲಿ. ಮುಂದಿನ ವಾರ ಪಾತ್ರ ಬದಲಾಗಲಿ. ಗುಂಪು ಹತ್ತಾದರೆ ಅದು ಉಪನ್ಯಾಸವಾಗಿಬಿಡುತ್ತದೆ. ಒಂದು ಸಂಜೆಗೆ ಒಂದೇ ಪ್ಯಾರಾ ಆದರೂ ಪರವಾಗಿಲ್ಲ, ಉಳಿದದ್ದನ್ನು ಮುಂದಿನ ವಾರ ಅಲ್ಲಿಂದಲೇ ಎತ್ತಿಕೊಳ್ಳಿ.