ಛತ್ರಿ ಹಿಡಿದು ಪಾಠ ಕೇಳಿದ ಮಕ್ಕಳು

ಮಗಳ ಮನೆಗೆ ಅಂತ ಅಮೆರಿಕಕ್ಕೆ ಹೋಗಿದ್ದೆ. ಅವಳಿರುವುದು ವರ್ಜೀನಿಯಾದ ರಿಚ್‌ಮಂಡ್‌ನಲ್ಲಿ. ಒಂದು ಶನಿವಾರ "ಅಮ್ಮ, ಬಾ, ನಿಂಗೊಂದು ಸ್ಕೂಲ್ ತೋರಿಸ್ತೀನಿ" ಅಂದಳು. ಕಾರಲ್ಲಿ ಒಂದು ಗಂಟೆಗೂ ಜಾಸ್ತಿ ದಾರಿ. ಫಾರ್ಮ್‌ವಿಲ್ ಅಂತ ಒಂದು ಸಣ್ಣ ಊರು. ಅಲ್ಲಿ ಒಂದೇ ಅಂತಸ್ತಿನ ಇಟ್ಟಿಗೆ ಕಟ್ಟಡ. ಈಗ ಮ್ಯೂಸಿಯಂ. ಬಂದು ಮೂರು ವಾರವಾಯಿತು, ಆ ಕಟ್ಟಡ ತಲೆಯಿಂದ ಇಳಿಯುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ಶಾಲೆಯ ಹೆಸರು ರಾಬರ್ಟ್ ರಸ್ಸಾ ಮೋಟನ್ ಹೈಸ್ಕೂಲ್. ಕಪ್ಪು ಮಕ್ಕಳಿಗೆ ಅಂತ 1939ರಲ್ಲಿ ಕಟ್ಟಿದ್ದು. ಆಗ ಅಲ್ಲಿ ಬಿಳಿ ಮಕ್ಕಳ ಶಾಲೆಯೇ ಬೇರೆ, ಕಪ್ಪು ಮಕ್ಕಳ ಶಾಲೆಯೇ ಬೇರೆ. ಕಾನೂನೇ ಹಾಗಿತ್ತು. ಕಟ್ಟುವಾಗ ಲೆಕ್ಕ ಹಾಕಿದ್ದು 180 ಮಕ್ಕಳಿಗೆ. ಮಹಾಯುದ್ಧ ಮುಗಿದು ಐದು ವರ್ಷ ಆಗುವಷ್ಟರಲ್ಲಿ 450ಕ್ಕೂ ಜಾಸ್ತಿ ಮಕ್ಕಳು ತುಂಬಿದ್ದರು.

ಹೊಸ ಕಟ್ಟಡ ಬೇಕು ಅಂತ ಅಪ್ಪ ಅಮ್ಮಂದಿರು ಕೇಳಿದರು. ಆಡಳಿತದವರು ಕೊಟ್ಟದ್ದು ಶೆಡ್‌ಗಳನ್ನು. ಮರದ ಚೌಕಟ್ಟಿಗೆ ಡಾಂಬರು ಕಾಗದ ಹೊದಿಸಿದ ಶೆಡ್‌ಗಳು. ತಾತ್ಕಾಲಿಕ ಅಂದರು. ದಾರಿಯಲ್ಲಿ ಹೋಗುವವರು ಅದನ್ನು ನೋಡಿ ಕೋಳಿ ಸಾಕುವ ಶೆಡ್ ಅಂದುಕೊಳ್ಳುತ್ತಿದ್ದರಂತೆ.

ನಾನು 31 ವರ್ಷ ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವಳು. ಹಾಗಾಗಿ 1950-51ರ ಆ ಒಂದು ವರ್ಷವನ್ನು ಟೀಚರ್ ಕಣ್ಣಿಂದಲೇ ನೋಡಿದೆ. ಬೆಳಿಗ್ಗೆ ಚಳಿ. ಇತಿಹಾಸದ ಮೇಷ್ಟ್ರು ಶಾಲೆಯ ಬಸ್ಸನ್ನು ತಾವೇ ಓಡಿಸಿಕೊಂಡು ಬರಬೇಕು. ಬಸ್ಸು ಬಿಳಿ ಮಕ್ಕಳ ಶಾಲೆಯವರು ಓಡಿಸಿ ಬಿಟ್ಟ ಹಳೇದು. ಬಂದ ಮೇಲೆ ಸೌದೆ ಹೊಂದಿಸಿ ಶೆಡ್ಡಿನ ಒಲೆ ಹಚ್ಚಬೇಕು. ಆಮೇಲೆ ಪಾಠ. ಒಲೆಯ ಪಕ್ಕದ ಮಕ್ಕಳಿಗೆ ಬೆವರು, ದೂರ ಕೂತವರು ಕೋಟ್ ಬಿಚ್ಚುವ ಹಾಗಿಲ್ಲ. ಮಳೆ ಬಂದರೆ ಸೂರು ಸೋರುತ್ತೆ. ಕೆಲವರು ಛತ್ರಿ ಬಿಚ್ಚಿಕೊಂಡು ಕೂರುತ್ತಿದ್ದರು. ಸಭಾಂಗಣದಲ್ಲಿ ಒಂದೇ ಹೊತ್ತಿಗೆ ಎರಡು ಮೂರು ತರಗತಿ. ಹಳೇ ಬಸ್ಸಿನೊಳಗೂ ಪಾಠ ನಡೆದದ್ದುಂಟು. ಪುಸ್ತಕಗಳೂ ಬಿಳಿ ಮಕ್ಕಳು ಓದಿ ಬಿಟ್ಟ ಹರಕಲು.

ಅದೇ ಊರಿನ ಬಿಳಿ ಮಕ್ಕಳ ಹೈಸ್ಕೂಲಿನಲ್ಲಿ ಜಿಮ್ ಇತ್ತು, ಊಟದ ಹಾಲ್ ಇತ್ತು, ಬಟ್ಟೆ ಬದಲಿಸುವ ಕೋಣೆ ಇತ್ತು, ಹುಷಾರಿಲ್ಲದ ಮಕ್ಕಳನ್ನು ನೋಡಿಕೊಳ್ಳುವ ಕೋಣೆಯೂ ಇತ್ತು. ಮೋಟನ್‌ನಲ್ಲಿ ಇದರಲ್ಲಿ ಒಂದೂ ಇರಲಿಲ್ಲ.

ನನಗೆ ಹೊಟ್ಟೆ ಉರಿದದ್ದು ಇಲ್ಲೇ. ಬಡತನ ಆದರೆ ಮಕ್ಕಳು ಸಹಿಸಿಕೊಳ್ಳುತ್ತಾರೆ. ಹಾಸನದ ಕಡೆ ಹಳ್ಳಿಯ ಶಾಲೆಗಳಲ್ಲಿ ಹೆಂಚು ಸೋರುವಾಗ ಬೆಂಚು ಎಳೆದುಕೊಂಡು ಓದಿದ ಮಕ್ಕಳನ್ನು ನಾನೇ ನೋಡಿದ್ದೇನೆ. ಯಾರಿಗೂ ಇಲ್ಲದಿದ್ದರೆ ಅದು ಒಂದು ಮಾತು. ಇದ್ದೂ "ನಿಮಗೆ ಇಷ್ಟು ಸಾಕು" ಅಂದರೆ ಮಗುವಿನ ಎದೆಗೇ ಪೆಟ್ಟು ಬೀಳುತ್ತೆ. ಅಂಬೇಡ್ಕರ್ ಅವರು ಕೂರುವುದಕ್ಕೆ ಮನೆಯಿಂದಲೇ ಗೋಣಿಚೀಲ ತರಬೇಕಿತ್ತು ಅಂತ ನಾನು ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಆ ಗೋಣಿಚೀಲಕ್ಕೂ ಈ ಡಾಂಬರು ಕಾಗದಕ್ಕೂ ಏನು ವ್ಯತ್ಯಾಸ ಹೇಳಿ?

ಆ ಶಾಲೆಯಲ್ಲಿ ಬಾರ್ಬರಾ ಜಾನ್ಸ್ ಅಂತ ಒಬ್ಬ ಹುಡುಗಿ ಇದ್ದಳು. ವಯಸ್ಸು ಇನ್ನೂ 16. ಮಾತು ಕಡಿಮೆ, ಓದು ಜಾಸ್ತಿ. ಬೆಳಿಗ್ಗೆ ತಮ್ಮ ತಂಗಿಯರನ್ನು ಹೊರಡಿಸುವುದು ಅವಳ ಕೆಲಸ. ಒಂದು ದಿನ ಆ ಗಡಿಬಿಡಿಯಲ್ಲಿ ಊಟದ ಡಬ್ಬಿ ಮರೆತಳು. ತರಲು ಮನೆಗೆ ಓಡಿದಳು, ಅಷ್ಟರಲ್ಲಿ ಬಸ್ಸು ಹೋಯಿತು. ರಸ್ತೆ ಬದಿ ನಿಂತಿದ್ದಾಗ ಬಿಳಿ ಮಕ್ಕಳ ಬಸ್ಸು ಅವಳ ಮುಂದೆಯೇ ಹೋಯಿತು. ಅರ್ಧ ಖಾಲಿ.

ಅದಕ್ಕೂ ಮುಂಚೆ ಅವಳು ಸಂಗೀತದ ಟೀಚರ್ ಇನೆಜ್ ಡೇವನ್‌ಪೋರ್ಟ್ ಹತ್ತಿರ ಶಾಲೆಯ ಸ್ಥಿತಿ ಹೇಳಿಕೊಂಡು ನೊಂದುಕೊಂಡಿದ್ದಳು. ಹಾಗಾದರೆ ನೀನೇ ಏನಾದರೂ ಮಾಡಬಾರದಾ ಅಂದರಂತೆ ಆ ಟೀಚರ್. ಹುಡುಗಿಗೆ ಮೊದಲು ಬೇಜಾರಾಯಿತು. ಆಮೇಲೆ ಆ ಮಾತು ಒಳಗೇ ಬೇರು ಬಿಟ್ಟಿತು.

ನಂಬಿಕಸ್ಥ ಮಕ್ಕಳನ್ನು ಬೆರಳೆಣಿಕೆಯಷ್ಟು ಆರಿಸಿಕೊಂಡಳು. ವಿದ್ಯಾರ್ಥಿ ಸಂಘದ ಅಧ್ಯಕ್ಷೆ ಕ್ಯಾರಿ ಸ್ಟೋಕ್ಸ್, ಅವಳ ಸಹೋದರ ಜಾನ್ ಸ್ಟೋಕ್ಸ್ ಎಲ್ಲ ಅದರಲ್ಲಿದ್ದರು. ಆಟದ ಮೈದಾನದಲ್ಲಿ ಸೇರಿ ಮಾತಾಡಿದರು. ಚಳಿಗಾಲ ಪೂರ್ತಿ ಒಬ್ಬರ ಬಾಯಿಂದಲೂ ಗುಟ್ಟು ಹೊರಗೆ ಬರಲಿಲ್ಲ. ಹೈಸ್ಕೂಲ್ ಮಕ್ಕಳು ಅಷ್ಟು ತಿಂಗಳು ಒಂದು ಗುಟ್ಟು ಕಾಪಾಡುವುದು ಎಷ್ಟು ಕಷ್ಟ ಅಂತ ಮೇಷ್ಟ್ರುಗಳಿಗೆ ಗೊತ್ತು.

1951ರ ಏಪ್ರಿಲ್ 23, ಸೋಮವಾರ. ನಿಮ್ಮ ಮಕ್ಕಳು ಊರಿನ ಬಸ್ ನಿಲ್ದಾಣದಲ್ಲಿ ತೊಂದರೆಯಲ್ಲಿ ಸಿಕ್ಕಿಕೊಂಡಿದ್ದಾರೆ ಅಂತ ಹೆಡ್‌ಮಾಸ್ಟರ್ ಬಾಯ್ಡ್ ಜೋನ್ಸ್ ಅವರಿಗೆ ಫೋನ್ ಬಂತು. ಅವರು ಹೊರಟರು. ಅವರನ್ನು ಹೊರಗೆ ಕಳಿಸುವುದಕ್ಕೇ ಮಾಡಿದ ಫೋನ್ ಅದು. ಹೆಡ್‌ಮಾಸ್ಟರ್ ಕೆಲಸಕ್ಕೆ ಕುತ್ತು ಬರಬಾರದು ಅಂತ ಮಕ್ಕಳ ಯೋಚನೆ. ಎಲ್ಲರೂ ಸಭಾಂಗಣಕ್ಕೆ ಬರಬೇಕು ಅಂತ ಅವರ ಹೆಸರಿನಲ್ಲಿ ತರಗತಿಗಳಿಗೆ ಚೀಟಿ ಹೋಯಿತು. ಪರದೆ ಸರಿಯಿತು. ವೇದಿಕೆ ಮೇಲೆ ಹೆಡ್‌ಮಾಸ್ಟರ್ ಬದಲು ಬಾರ್ಬರಾ. ಟೀಚರ್‌ಗಳು ದಯವಿಟ್ಟು ಹೊರಗೆ ಹೋಗಿ ಅಂದಳು. ಕೆಲವರು ತಡೆಯಲು ಬಂದಾಗ ಕಾಲಿನ ಶೂ ಬಿಚ್ಚಿ ಬೆಂಚಿಗೆ ಕುಟ್ಟಿದಳಂತೆ. ಆಮೇಲೆ ಶಾಲೆಗೆ ಶಾಲೆಯೇ ಮುಷ್ಕರಕ್ಕೆ ಇಳಿಯಿತು.

ಇದನ್ನೆಲ್ಲ ದೊಡ್ಡವರೇ ಮಾಡಿಸಿದ್ದು ಅಂತ ಊರಿನ ಅಧಿಕಾರಿಗಳು ಅಂದುಕೊಂಡರು. ಹದಿನಾರರ ಹುಡುಗಿಗೆ ಇಷ್ಟು ಬುದ್ಧಿ ಎಲ್ಲಿಂದ ಬರಬೇಕು ಅನ್ನುವ ಸಸಾರ. ಹೆಡ್‌ಮಾಸ್ಟರ್ ಮೇಲೆ ಅನುಮಾನ ಬಂತು, ಮುಂದಿನ ವರ್ಷಕ್ಕೆ ಅವರ ಕೆಲಸ ಮುಂದುವರಿಸಲಿಲ್ಲ. ಅವರನ್ನು ಉಳಿಸಬೇಕು ಅಂತಲೇ ಮಕ್ಕಳು ಸುಳ್ಳು ಫೋನ್ ಮಾಡಿದ್ದರು. ಇದು ನೆನಪಾದಾಗಲೆಲ್ಲ ಸಂಕಟ ಆಗುತ್ತೆ.

ಮಕ್ಕಳು ರಿಚ್‌ಮಂಡ್‌ನ ವಕೀಲರಾದ ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್ ಅವರಿಗೆ ಕಾಗದ ಬರೆದರು. ಅವರು ಬಂದದ್ದು ಮಕ್ಕಳಿಗೆ ಬುದ್ಧಿ ಹೇಳಿ ಶಾಲೆಗೆ ವಾಪಸ್ ಕಳಿಸೋಣ ಅಂತ. ಮಕ್ಕಳ ಧೈರ್ಯ, ಶಿಸ್ತು ನೋಡಿ ಮನಸ್ಸು ಬದಲಾಯಿತು. ಆದರೆ ಒಂದು ಷರತ್ತು ಹಾಕಿದರು. ಬರೀ ಹೊಸ ಕಟ್ಟಡಕ್ಕೆ ಅಂತ ಕೇಸ್ ಹಾಕುವುದಿಲ್ಲ, ಬೇರೆ ಬೇರೆ ಶಾಲೆ ಅನ್ನುವುದೇ ಹೋಗಬೇಕು ಅಂತ ಹಾಕುತ್ತೇವೆ. ಅದಕ್ಕೆ ಅಪ್ಪ ಅಮ್ಮ ಒಪ್ಪಬೇಕು. ಪಾದ್ರಿ ಫ್ರಾನ್ಸಿಸ್ ಗ್ರಿಫಿನ್ ಅವರ ಚರ್ಚಿನಲ್ಲಿ ಸಭೆ ಸೇರಿತು. ಹೊಲ ಮನೆ, ಕೂಲಿ, ಸಾಲ ಎಲ್ಲದಕ್ಕೂ ಬಿಳಿಯರ ಮುಲಾಜಿನಲ್ಲಿ ಇದ್ದ ಜನ ಅವರು. ಆದರೂ ಒಪ್ಪಿದರು. ಮಕ್ಕಳು ಮೇ 7ಕ್ಕೆ ತರಗತಿಗೆ ವಾಪಸಾದರು. ಮೇ 23ಕ್ಕೆ 117 ಮಕ್ಕಳ ಹೆಸರಿನಲ್ಲಿ ಕೇಸ್ ದಾಖಲಾಯಿತು. ಮೊದಲ ಹೆಸರು ಒಂಬತ್ತನೇ ತರಗತಿಯ ಡೊರೊತಿ ಡೇವಿಸ್.

ಆ ಕೇಸ್ ಕೆಳಗಿನ ಕೋರ್ಟಿನಲ್ಲಿ ಸೋತಿತು. ಆಮೇಲೆ ಸುಪ್ರೀಂ ಕೋರ್ಟಿನಲ್ಲಿ, ಬೇರೆ ಬೇರೆ ಶಾಲೆ ಬೇಡ ಅಂತ ಬೇರೆ ಕಡೆಯವರು ಹಾಕಿದ್ದ ಬ್ರೌನ್ ಕೇಸಿನ ಜೊತೆ ಸೇರಿತು. 1954ರ ಮೇ 17ರಂದು ಶಾಲೆಗಳಲ್ಲಿ ಬಣ್ಣದ ಬೇಲಿ ತಪ್ಪು ಅಂತ ತೀರ್ಪು ಬಂತು. ಒಟ್ಟಿಗೆ ಸೇರಿಸಿದ ಕೇಸುಗಳಲ್ಲಿ ಮಕ್ಕಳೇ ಶುರು ಮಾಡಿದ್ದು ಇದೊಂದೇ.

ಸಿಹಿ ಅಲ್ಲಿಗೇ ಮುಗಿಯಿತು. ಮಕ್ಕಳನ್ನು ಒಟ್ಟಿಗೆ ಕೂರಿಸುವುದಕ್ಕಿಂತ ಶಾಲೆಗಳನ್ನೇ ಮುಚ್ಚುತ್ತೇವೆ ಅಂತ ಆ ಕೌಂಟಿ, ಅಂದರೆ ನಮ್ಮ ಜಿಲ್ಲೆಯ ಥರದ ಆಡಳಿತ, 1959ರಲ್ಲಿ ಸರ್ಕಾರಿ ಶಾಲೆಗಳಿಗೆಲ್ಲ ಬೀಗ ಹಾಕಿತು. 1964ರವರೆಗೆ ಐದು ವರ್ಷ. ಬಿಳಿ ಮಕ್ಕಳಿಗೆ ಖಾಸಗಿ ಶಾಲೆ ಎದ್ದಿತು. ಕಪ್ಪು ಮಕ್ಕಳಲ್ಲಿ ಎಷ್ಟೋ ಜನ ಓದನ್ನೇ ಕಳೆದುಕೊಂಡರು. ಏಳನೇ ಕ್ಲಾಸಿನ ಮಗುವಿಗೆ ಐದು ವರ್ಷ ಅಂದರೆ ಏನು ಅಂತ ಒಂದು ಸಲ ಲೆಕ್ಕ ಹಾಕಿ.

ಬಾರ್ಬರಾಗೆ ಅಪಾಯ ಇದೆ ಅಂತ ಮನೆಯವರು ಅವಳನ್ನು ಅಲಬಾಮಾದ ಮಾಂಟ್‌ಗೊಮರಿಗೆ, ದೊಡ್ಡಪ್ಪ ವರ್ನನ್ ಜಾನ್ಸ್ ಅವರ ಮನೆಗೆ ಕಳಿಸಿದರು. ತಾನು ಹೋರಾಡಿದ ಶಾಲೆಯಲ್ಲಿ ಕೊನೆಯ ವರ್ಷ ಓದುವ ಭಾಗ್ಯ ಅವಳಿಗೆ ಸಿಗಲಿಲ್ಲ. ಮುಂದೆ ಫಿಲಡೆಲ್ಫಿಯಾದಲ್ಲಿ ಶಾಲಾ ಗ್ರಂಥಪಾಲಕಿಯಾಗಿ ಕೆಲಸ ಮಾಡಿ 1991ರಲ್ಲಿ ತೀರಿಕೊಂಡರು. ಅಮೆರಿಕದ ಸಂಸತ್ ಭವನದಲ್ಲಿ ವರ್ಜೀನಿಯಾದ ಪಾಲಿಗೆ ಜನರಲ್ ಲೀ ಪ್ರತಿಮೆ ಇತ್ತು. ಅಲ್ಲಿನ ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಲು ಹೊರಟ ದಕ್ಷಿಣದ ರಾಜ್ಯಗಳ ಸೇನಾಪತಿ ಆತ. 2020ರಲ್ಲಿ ಅದನ್ನು ತೆಗೆದರು. ಆ ಜಾಗಕ್ಕೆ ರಾಜ್ಯ ಆರಿಸಿದ್ದು ಬಾರ್ಬರಾ ಪ್ರತಿಮೆಯನ್ನು.

ಮಕ್ಕಳಿಗೆ ಇದೆಲ್ಲ ಯಾಕೆ, ಸುಮ್ನೆ ಓದ್ಕೊಂಡಿರ್ಲಿ ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತೇವೆ. ನಾನೂ ಹೇಳಿದವಳು. ರಾಜಕೀಯದವರು ತಮ್ಮ ಮೆರವಣಿಗೆಗೆ ಮಕ್ಕಳನ್ನು ಕರೆದುಕೊಂಡು ಹೋಗುವುದನ್ನು ನಾನು ಈಗಲೂ ಒಪ್ಪುವುದಿಲ್ಲ. ಆದರೆ ತನ್ನ ತರಗತಿಯ ಸೂರು ಸೋರುತ್ತಿದೆ ಅಂತ ಮಗು ಹೇಳಿದರೆ ಅದು ಯಾರ ರಾಜಕೀಯ? ಅಲ್ಲಿ ಕೂತು ನೆನೆಯುವುದು ಅದೇ ಮಗು ಅಲ್ವಾ?

ತುಂಬಾ ವರ್ಷದ ಹಿಂದೆ ನಾನಿದ್ದ ಶಾಲೆಯೊಂದರಲ್ಲಿ ಹತ್ತನೇ ತರಗತಿಯ ಐದು ಹುಡುಗಿಯರು ಸ್ಟಾಫ್ ರೂಮಿಗೆ ಬಂದರು. ಹುಡುಗಿಯರ ಶೌಚಾಲಯಕ್ಕೆ ಬಾಗಿಲಿರಲಿಲ್ಲ, ನೀರೂ ಇರಲಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ನೀರು ಕುಡಿಯದೆ ಇರುತ್ತೇವೆ ಮಿಸ್ ಅಂದರು. ತಾಲ್ಲೂಕಿಗೆ ಹೋಗಿ ಬಿಇಒ ಸಾಹೇಬರಿಗೆ ಅರ್ಜಿ ಕೊಡುತ್ತೇವೆ, ನೀವು ಜೊತೆಗೆ ಬನ್ನಿ ಅಂತ ಕೇಳಿದರು. ಅರ್ಜಿಯನ್ನು ಚೆಂದದ ಅಕ್ಷರದಲ್ಲಿ ಬರೆದುಕೊಂಡೇ ಬಂದಿದ್ದರು. ಪರೀಕ್ಷೆ ಹತ್ತಿರ ಇದೆ, ಮೊದಲು ಅದರ ಕಡೆ ಗಮನ ಕೊಡಿ ಅಂತ ವಾಪಸ್ ಕಳಿಸಿದೆ. ಬಾಗಿಲು ಬರುವ ಹೊತ್ತಿಗೆ ಅವರು ಶಾಲೆ ಬಿಟ್ಟು ಎರಡು ವರ್ಷ ಆಗಿತ್ತು.

ಮೋಟನ್ ಶಾಲೆಯ ಸಭಾಂಗಣದಲ್ಲಿ ಕೂತಾಗ ನನಗೆ ಕಂಡದ್ದು ಆ ಐದು ಮುಖ. ಅವರಲ್ಲಿ ಇಬ್ಬರು ಇಲ್ಲಿ ನನ್ನ ಫ್ರೆಂಡ್ ಲಿಸ್ಟ್‌ನಲ್ಲಿದ್ದಾರೆ, ನನ್ನ ಹುಟ್ಟುಹಬ್ಬಕ್ಕೆ ತಪ್ಪದೆ ಮೆಸೇಜ್ ಮಾಡುತ್ತಾರೆ. ಮಕ್ಕಳೇ, ಇದನ್ನು ಓದಿದರೆ ಒಂದು ಫೋನ್ ಮಾಡಿ. ಅವತ್ತು ಆ ಅರ್ಜಿ ಹಿಡಿದುಕೊಂಡು ನಾನು ನಿಮ್ಮ ಜೊತೆ ಬಸ್ಸು ಹತ್ತಬೇಕಿತ್ತು.